ಕಂಬ ಏರಿದ ಮಾವ

ನಮ್ಮ ಬ್ಯಾಂಡಿನಲ್ಲಿ ನಾಲ್ವರು. ಹಾಡು ಬರೆದು ಹಾಡುವವನು ನನ್ನ ಗಂಡ, ಕೀಬೋರ್ಡ್ ನಾನು, ಗಿಟಾರಿಗೂ ಡ್ರಮ್ಮಿಗೂ ಅವನ ಗೆಳೆಯರು. ಕಾಲೇಜಿನ ದಿನಗಳಿಂದಲೂ ನಾವೆಲ್ಲ ಪರಸ್ಪರ ಏಕವಚನದವರು. ನಮ್ಮೂರು ಬೈಲಹೊಂಗಲದ ಮಂದಿಗೆ ರಾಕ್ ಅಂದರೆ ತಲೆನೋವು. ಮದುವೆಗೆ ಕರೆದರೆ ಹಳೆಯ ಸಿನಿಮಾ ಹಾಡೇ ಬೇಕು. ಹಾಗಾಗಿ ನಾವು ಬಿಟ್ಟ ಮೊದಲ ಹಾಡು ಮೊಬೈಲಿನಿಂದ ಮೊಬೈಲಿಗೆ ಹಾರತೊಡಗಿದಾಗ ನನಗೇ ನಂಬಿಕೆಯಾಗಲಿಲ್ಲ.

ಹಾಡು ಫ್ಲೆಕ್ಸಿನ ಮೇಲೆ. ನಮ್ಮ ಕಡೆ ಹುಟ್ಟುಹಬ್ಬ ಬಂದರೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಲೇಬೇಕು: ನಡುವೆ ಕೂಲಿಂಗ್ ಗ್ಲಾಸ್ ಹಾಕಿದ ದೊಡ್ಡ ಮುಖ, ಕೆಳಗೆ ಶುಭ ಕೋರುವವರ ಸಣ್ಣ ಮುಖಗಳು. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಶಾಲೆಯ ಮಾಸ್ತರರು ಜೂನ್ ಒಂದು ಅಂತ ಬರೆದುಬಿಟ್ಟಿದ್ದರಿಂದ ಆ ದಿನ ಕಂಬಗಳಿಗೆ ಉಸಿರಾಡಲೂ ಜಾಗವಿರುವುದಿಲ್ಲ. ನನ್ನ ಗಂಡ ಅದನ್ನೇ ಹಿಡಿದು ಬರೆದ: 'ಯಾರಪಾ ಇಂವ, ಕಂಬಾ ಏರ್ಯಾನ, ತನಗ ತಾನ ಕೈ ಮುಗದಾನ.' ಒಳ್ಳೆಯ ಹಾಡು, ಸುಳ್ಳೇಕೆ ಹೇಳಲಿ. ಆದರೆ ಅವನೊಬ್ಬನೇ ಕೂತು ಮಾಡಿದ ವಿಡಿಯೋವನ್ನು ನೋಡುತ್ತ ಅರ್ಧಕ್ಕೇ ನಿಲ್ಲಿಸಿದೆ. ಆ ಸಾಲಿಗೆ ಅವನು ತೋರಿಸಿದ್ದು ನನ್ನ ಮಾವನ ಫ್ಲೆಕ್ಸನ್ನು.

ಮಾವ ಬಸ್ ಓಡಿಸಿ ನಿವೃತ್ತರಾದವರು. ಪ್ರತಿ ವರ್ಷ ಜೂನ್ ಒಂದಕ್ಕೆ ತಮ್ಮ ಫ್ಲೆಕ್ಸನ್ನು ತಾವೇ ಮಾಡಿಸಿ, ಮೂಲೆಯಲ್ಲಿ ಬುದ್ಧನ ಚಿತ್ರ ಹಾಕಿಸಿ, ತಾವೇ ನಿಂತು ಕಟ್ಟಿಸುತ್ತಾರೆ. ಮಗನಿಗೆ ಅದೆಂದರೆ ನಾಚಿಕೆ. ಆ ವಾರವೆಲ್ಲ ಸರ್ಕಲ್ ತಪ್ಪಿಸಿ ಓಣಿಯಲ್ಲಿ ಬೈಕ್ ತಿರುಗಿಸುತ್ತಾನೆ.

"ಬ್ಯಾರೆ ಫ್ಲೆಕ್ಸ್ ಸಿಗಲಿಲ್ಲೇನು ನಿನಗ?" ಎಂದು ಜಗಳಕ್ಕೆ ನಿಂತೆ.

"ಅಪ್ಪಗ ತಿಳಿಯೂದಿಲ್ಲ ಬಿಡ," ಅಂದ. ಅದಕ್ಕೆ ನನಗೆ ಇನ್ನೂ ಸಿಟ್ಟು ಬಂತು.

ಮಾವನಿಗೆ ತಿಳಿದಿಲ್ಲವೆಂದೇ ಕಂಡಿತು. ವಿಡಿಯೋವನ್ನು ಸಿಕ್ಕಸಿಕ್ಕ ನೆಂಟರಿಗೆ, ಹಳೆಯ ಕಂಡಕ್ಟರುಗಳಿಗೆ ಕಳಿಸಿದರು. "ನಮ್ಮ ಹುಡುಗನ ಹಾಡಿನ್ಯಾಗ ನಾನೂ ಅದೇನಿ, ನೋಡ್ರಿ" ಎಂದು ಫೋನಿನಲ್ಲಿ ಹೇಳುವುದು ಅಡುಗೆಮನೆಯವರೆಗೂ ಕೇಳಿಸುತ್ತಿತ್ತು. ಯಾರಾದರೂ ಬಿಡಿಸಿ ಹೇಳಿಬಿಟ್ಟರೆ ಈ ಮನುಷ್ಯ ಮಗನ ಮುಖ ಹೇಗೆ ನೋಡಿಯಾರು?

ರಾಮದುರ್ಗದ ಕಾಲೇಜೊಂದರ ವಾರ್ಷಿಕೋತ್ಸವದ ಗ್ಯಾದರಿಂಗಿಗೆ ನಮ್ಮನ್ನು ಕರೆದಾಗ, ಮಾವ ತಾವೂ ಬರುವುದಾಗಿ ಹೇಳಿ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟೇಬಿಟ್ಟರು. ಮುಂದೆಯೇ ಕುಳಿತರು. ಆ ಸಾಲು ಬಂತು. ಪರದೆಯ ಮೇಲೆ ಮಾವನ ಮುಖ, ಹುಡುಗರು ಬಿದ್ದು ಬಿದ್ದು ನಕ್ಕರು. ಅಕ್ಕಪಕ್ಕದವರು ಪರದೆ ನೋಡಿ, ಮಾವನನ್ನು ನೋಡಿ, ಬೆರಳು ಮಾಡಿ ತೋರಿಸಿದರು. ನಾನು ತಪ್ಪು ಕೀ ಒತ್ತಿದೆ. ಮಾವ ಚಪ್ಪಾಳೆ ತಟ್ಟುತ್ತಿದ್ದರು.

ಮರಳುವಾಗ ಸವದತ್ತಿಯಲ್ಲಿ ಚಹಾಕ್ಕೆ ನಿಂತೆವು. ನನ್ನ ಗಂಡ ಕಪ್ಪನ್ನು ಕೈಯಲ್ಲೇ ತಿರುಗಿಸುತ್ತಿದ್ದ.

"ಅಪ್ಪಾ, ಆ ಹಾಡು ಬಿಟ್ಟಬಿಡ್ತೇನಿ," ಅಂದ.

"ಯಾಕ? ನನಗ ತಿಳಿಯೂದಿಲ್ಲ ಅಂತ ಮಾಡಿದ್ದೇನು?" ಮಾವನ ದನಿಯಲ್ಲಿ ಸಿಟ್ಟಿರಲಿಲ್ಲ. "ಮೊದಲನೇ ಸರ್ತಿ ನೋಡಿದಾಗನ ತಿಳದೈತಿ."

"ತಿಳದೂ ಎಲ್ಲಾರಿಗೂ ಕಳಿಸಿದ್ರ್ಯಾ, ಮಾವಾ?" ಎಂದು ಕೇಳಿದೆ.

ಅವರು ಸಾಸರಿಗೆ ಚಹಾ ಸುರಿದುಕೊಂಡರು. "ಆ ಸರ್ಕಲ್‌ನ್ಯಾಗ ಹಾದು ಹೋಗಬೇಕಾದ್ರ ನಮ್ಮಪ್ಪ ಚಪ್ಪಲಿ ಬಿಚ್ಚಿ ಕೈಯಾಗ ಹಿಡಕೋತಿದ್ದ ನೋಡವಾ. ನಾ ಅವನ ಹಿಂದ ತಲಿ ತಗ್ಗಿಸಿ ಹೋಗತಿದ್ನಿ. ಈಗ ಅದ ಜಾಗಾದಾಗ ನಾ ಮ್ಯಾಲ ಇರತೇನಿ, ಎಲ್ಲಾರೂ ತಲಿ ಎತ್ತಿ ನೋಡತಾರ. ನಕ್ಕೋತ ನೋಡಲಿ, ಬೈಕೋತ ನೋಡಲಿ."

ಈ ಮಾತನ್ನು ಅವರು ಮನೆಯಲ್ಲಿ ಎಂದೂ ಆಡಿರಲಿಲ್ಲ. ನನ್ನ ಗಂಡ ಕಪ್ಪು ಕೆಳಗಿಟ್ಟ.

"ನೀ ಹಾಡೊ," ಅಂದರು ಮಾವ. "ಆ ದಿನಾ ನೀ ನೋಡಿಲ್ಲ. ನಿನಗ ಇದರಾಗ ನಗು ಬರತೈತಿ ಅಂದ್ರ ಚಲೋನ ಆತಲ್ಲ."

ಹಾಡು ಬಿಟ್ಟಿಲ್ಲ. ಮೊನ್ನೆ ಕಿತ್ತೂರಿನಲ್ಲೂ ಹಾಡಿದೆವು. ಆ ಸಾಲು ಬಂದಾಗ ಮಾತ್ರ ನನ್ನ ಗಂಡ ಬಾಯಿ ಮುಚ್ಚಿ ಮೈಕನ್ನು ಜನರ ಕಡೆ ತಿರುಗಿಸುತ್ತಾನೆ. ಅವರು ಗಂಟಲು ಹರಿಯುವಂತೆ ಹಾಡುತ್ತಾರೆ. ಅದು ಅವನ ಸ್ಟೈಲ್ ಅಂದುಕೊಂಡಿದ್ದಾರೆ.