ಇಳಿಜಾರಿನಲ್ಲಿ ಉಳಿಸಿದ ಚಾರ್ಜು

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಯಸಳೂರು ಕಡೆಯ ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲಿ, ಅರ್ಧ ಹೊತ್ತು ಉರಿಯದ ಬಲ್ಬಿನ ಕೆಳಗೆ ಓದಿದವಳು. ಅವ್ವ ಕಾಫಿ ಕುಯ್ಯುತ್ತಿದ್ದಳು. ಅಪ್ಪ ಅದೇ ತೋಟದ ಜೀಪ್ ಡ್ರೈವರ್. ಈಗ ನಾನು ಆಲೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಇಬ್ಬರೂ ನನ್ನ ಜೊತೆಗಿದ್ದಾರೆ. ಹೋದ ವರ್ಷ ಸಣ್ಣದೊಂದು ಎಲೆಕ್ಟ್ರಿಕ್ ಕಾರು ತಗೊಂಡೆ. ಶಾಲೆಗೆ, ಸಂತೆಗೆ, ಆಸ್ಪತ್ರೆಗೆ ಅದು ಧಾರಾಳ ಸಾಕು.

ಎದುರಿನ ಅಂಗಡಿಯವರು ಮಾತ್ರ ಬಿಡುತ್ತಿರಲಿಲ್ಲ. "ಏನ್ ಟೀಚರಮ್ಮ, ಇದು ಕಾರಾ, ಮೊಬೈಲಾ? ಯಾವಾಗ ನೋಡಿದ್ರೂ ಚಾರ್ಜಿಗೆ ಹಾಕಿರ್ತೀರಲ್ಲ. ಘಾಟಿಲಿ ನಿಂತ್ರೆ ಕರೆಂಟ್ ಕಂಬ ಹತ್ತೀರಾ?"

ಅಪ್ಪ ನನ್ನ ಪರ ನಿಲ್ಲುತ್ತಿದ್ದ. "ಗಾಡಿ ನಿಲ್ಸೋದು ಡ್ರೈವರ್ರು ಕಣೋ ಮಾರಾಯ, ಬ್ಯಾಟ್ರಿ ಅಲ್ಲ. ಕೈಲಿ ಓಡ್ಸೋ ಗುಣ ಇರ್ಬೇಕು."

ಆ ಗುಣದ ಬಗ್ಗೆ ಅವನಿಗೆ ಬಹಳ ಹೆಮ್ಮೆ. ತೋಟದ ಡ್ರೈವರುಗಳಲ್ಲಿ ಅಪ್ಪನಷ್ಟು ಕಡಿಮೆ ಡೀಸೆಲ್ ಸುಡುವವನು ಇರಲಿಲ್ಲವಂತೆ. ಗುಟ್ಟೇನೂ ಇಲ್ಲ, ಈ ಬೆಟ್ಟದ ಡ್ರೈವರುಗಳೆಲ್ಲ ಮಾಡುವುದೇ. ಇಳಿಜಾರು ಬಂತೆಂದರೆ ಗೇರ್ ತೆಗೆದು ನ್ಯೂಟ್ರಲ್‌ಗೆ ಹಾಕಿ, ಬ್ರೇಕಿನ ಮೇಲೆ ಕಾಲಿಟ್ಟು ಗಾಡಿಯನ್ನು ಜಾರಲು ಬಿಡುವುದು.

ಈ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವ್ವನ ತಮ್ಮ, ನನ್ನ ಸೋದರಮಾವ, ತೀರಿಕೊಂಡ. ಹೆಗ್ಗದ್ದೆಯಿಂದಾಚೆ, ಕಾಡಿನಂಚಿನಲ್ಲಿ ಅವನ ಮನೆ. ಎದೆ ಹಿಡಿದುಕೊಂಡು ಜಗಲಿಯಲ್ಲಿ ಕೂತವನು ಏಳಲೇ ಇಲ್ಲ. ಅವರಮ್ಮ ಬೇಗ ತೀರಿಹೋಗಿದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವ್ವ.

ಅತ್ತೆ ಫೋನಿನಲ್ಲಿ ಅಳುತ್ತಲೇ ಹೇಳಿದಳು: "ಮಧ್ಯಾಹ್ನದೊಳಗೆ ಬಂದ್ಬುಡಿ ಅತ್ತಿಗೆ. ತೋಡಿರೋ ಗುಂಡೀಲಿ ಜಲ ಬರ್ತಾ ಐತೆ."

ಆ ಕಡೆಯ ನೆಲವೇ ಹಾಗೆ. ಮಳೆ ಹಿಡಿದರೆ ಭೂಮಿಯೊಳಗಿನ ಜಲ ಕಣ್ಣು ಬಿಡುತ್ತದೆ, ಹೂಳಲು ತೋಡಿದ ಗುಂಡಿ ಬಾವಿಯಾಗುತ್ತದೆ. ಕೊಡದಲ್ಲಿ ಮೊಗೆಮೊಗೆದು ಹೊರಗೆ ಚೆಲ್ಲುತ್ತಾ ಸ್ವಲ್ಪ ಹೊತ್ತು ಕಾಯಬಹುದು, ಬಹಳ ಹೊತ್ತು ಆಗುವುದಿಲ್ಲ.

"ಅವನ ಮುಖ ನೋಡ್ಬೇಕು ಮಗಾ," ಎಂದಳು ಅವ್ವ.

ಹಿಂದಿನ ಸಂಜೆಯಿಂದ ಕರೆಂಟಿರಲಿಲ್ಲ. ಕಾರಿನಲ್ಲಿ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಚಾರ್ಜಿತ್ತು. ಬಾಡಿಗೆ ಕಾರಿನವರಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಹೊರಟೆವು. ಅವ್ವ ಬಿಕ್ಕುತ್ತಾ ನನ್ನ ಹೆಗಲಿಗೆ ಒರಗಿದ್ದರಿಂದ ನಾನು ಹಿಂದೆ ಕೂತೆ. ಅಪ್ಪ ಸ್ಟೇರಿಂಗ್ ಹಿಡಿದ.

ಸಕಲೇಶಪುರದಲ್ಲಿ ಚಾರ್ಜಿಂಗ್ ಜಾಗವಿತ್ತು. ಎರಡು ಕಾರು ಮೊದಲೇ ನಿಂತಿದ್ದವು.

"ನಿಲ್ಲೋಣ ಅಪ್ಪ. ಸಾಲೋದು ಅನುಮಾನ."

"ಇಲ್ಲಿ ನಿಂತ್ರೆ ಹೊತ್ತು ಹೋಗುತ್ತೆ. ಸರದಿ ಬೇರೆ. ಮುಂದೆಲ್ಲ ಇಳಿಜಾರೈತಲ್ಲ, ಅಲ್ಲಿ ಉಳಿಸ್ತೀನಿ ಬುಡು."

ಮೀಟರು ತೋರಿಸುತ್ತಿದ್ದ ದೂರ ಹೆಚ್ಚುಕಡಿಮೆ ಮುಟ್ಟುವಷ್ಟಿತ್ತು. ಅವ್ವನ ಮುಖ ನೋಡಿ, ಹೋಗೋಣ ಎಂದೆ.

ದೋಣಿಗಲ್ ಕಡೆಗೆ ಇಳಿಯುವಾಗ ನನಗೆ ಏನೋ ಬೇರೆ ಅನಿಸಿತು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಈ ಕಾರು ತಾನಾಗಿ ಹಿಂದಕ್ಕೆ ಜಗ್ಗುತ್ತದೆ. ಆ ಜಗ್ಗಾಟವೇ ಇರಲಿಲ್ಲ. ಎಣ್ಣೆ ಹಚ್ಚಿದ ಹಾಗೆ ಜಾರುತ್ತಿತ್ತು. ಮುಂದಕ್ಕೆ ಬಗ್ಗಿ ನೋಡಿದೆ.

"ಅಪ್ಪ, ನ್ಯೂಟ್ರಲ್ ಹಾಕಿದೀಯಾ?"

"ಮತ್ತಿನ್ನೇನು! ಆಲೂರಿಂದ ಎಲ್ಲಾ ಇಳಿಜಾರಲ್ಲೂ ಹಂಗೇ ತಂದಿದೀನಿ. ಒಂದು ಚೂರೂ ಖರ್ಚಾಗಿಲ್ಲ ನೋಡು."

"ಖರ್ಚಾಗಲ್ಲ ಅಪ್ಪ, ಆದ್ರೆ ತುಂಬೋದೂ ಇಲ್ಲ. ಗೇರಲ್ಲಿದ್ರೆ ಇಳಿಯುವಾಗ ಚಕ್ರದಿಂದಾನೇ ಬ್ಯಾಟ್ರಿಗೆ ಚಾರ್ಜ್ ವಾಪಸ್ ಬರ್ತದೆ."

ಕನ್ನಡಿಯಲ್ಲಿ ಅಪ್ಪನ ಕಣ್ಣು ಕಂಡಿತು. ಅವನು ಮೆಲ್ಲಗೆ ಗೇರಿಗೆ ಹಾಕಿದ. "ನಂಗೇನ್ ಗೊತ್ತು ಮಗಾ," ಎಂದ.

ಹೆದ್ದಾರಿ ಬಿಟ್ಟ ಮೇಲೆ ದಾರಿ ಏರುತ್ತಾ ಹೋಯಿತು. ಏರು ಬ್ಯಾಟರಿಯನ್ನು ನುಂಗುತ್ತಿತ್ತು. ಎ.ಸಿ. ಆರಿಸಿದೆವು. ಗಾಜು ಮಂಜಾಯಿತು, ಅಪ್ಪ ಟವಲಿನಲ್ಲಿ ಒರೆಸಿಕೊಂಡು ಓಡಿಸಿದ. ಮಾವನ ಊರಿನ ಕೊನೆಯ ಏರಿನಲ್ಲಿ ಕಾರು ಆಮೆಯಂತೆ ತೆವಳಿ, ಒಂದು ಸದ್ದೂ ಮಾಡದೆ ನಿಂತುಬಿಟ್ಟಿತು. ಫೋನಿಗೆ ಸಿಗ್ನಲ್ ಇರಲಿಲ್ಲ.

ಅವ್ವ ಬಾಗಿಲು ತೆಗೆದು ಇಳಿದು ನಡೆಯತೊಡಗಿದಳು. ಅವಳ ಮಂಡಿ ಸರಿಯಿಲ್ಲ. ಅಪ್ಪನನ್ನು ಕಾರಿನ ಹತ್ತಿರ ಬಿಟ್ಟು ನಾನು ಕೊಡೆ ಹಿಡಿದು ಜೊತೆಗೆ ನಡೆದೆ. ಹಿಂದಿನಿಂದ ಸೌದೆಯ ಪಿಕಪ್ಪೊಂದು ಬಂದು ನಮ್ಮನ್ನು ಹತ್ತಿಸಿಕೊಳ್ಳುವಷ್ಟರಲ್ಲಿ ಬಹಳ ಹೊತ್ತಾಗಿತ್ತು.

ಮಾವನ ತೋಟದ ಮೂಲೆಯಲ್ಲಿ ಜನ ಕೈ ತೊಳೆಯುತ್ತಿದ್ದರು. ಖಾಲಿ ಕೊಡಗಳು ಕೆಸರಿನಲ್ಲಿ ಬಿದ್ದಿದ್ದವು. ಮಣ್ಣು ಮುಚ್ಚಿಯಾಗಿತ್ತು.

"ಎಷ್ಟು ಮೊಗೆದ್ರೂ ತುಂಬ್ತಿತ್ತು ಅಕ್ಕ," ಎಂದರು ಅಲ್ಲಿದ್ದ ಹಿರಿಯರೊಬ್ಬರು. "ನೀರಲ್ಲಿ ಮಲಗಿಸಬಾರ್ದು ಅಂತ ಮುಗಿಸ್ಬುಟ್ವಿ. ಈಗ ತಾನೇ."

ಅವ್ವ ಒಂದು ಹಿಡಿ ಮಣ್ಣು ಹಾಕಿದಳು. ಮಳೆಗೆ ಅದು ಕೈಗೇ ಅಂಟಿಕೊಂಡಿತು. ಮತ್ತೆ ಮತ್ತೆ ಕೊಡವಿದಳು.

ಪಿಕಪ್ಪಿನವನೇ ಹಗ್ಗ ಕಟ್ಟಿ ಕಾರನ್ನು ಮನೆಯಂಗಳಕ್ಕೆ ಎಳೆದು ತಂದ. ಅಲ್ಲಿ ಕರೆಂಟಿತ್ತು. ಸಾವಿನ ಮನೆಯಿಂದ ಬಂದವರು ಹೇಳದೆ ಹೊರಟುಬಿಡುವುದು ನಮ್ಮ ಕಡೆಯ ರೂಢಿ. ಎಲ್ಲರೂ ಹಾಗೇ ಒಬ್ಬೊಬ್ಬರಾಗಿ ಹೋದರು. ನಾವು ಮಾತ್ರ ಹೋಗುವಂತಿರಲಿಲ್ಲ. ಒಲೆ ಹಚ್ಚದ ಅಡುಗೆಮನೆಯ ಕಿಟಕಿಯಿಂದ ವೈರು ಎಳೆದು ಚಾರ್ಜಿಗೆ ಹಾಕಿದೆ.

ಒಳಗೆ ಅವ್ವ ಅತ್ತೆಯ ಕೈ ಹಿಡಿದು ಕೂತಿದ್ದಳು. "ಮುಖ ಹೆಂಗಿತ್ತು?"

"ಮಲಗ್ದಂಗೇ ಇತ್ತು ಅತ್ತಿಗೆ. ಬಾಯಿ ಒಂಚೂರು ತೆರೆದಿತ್ತು. ಗಡ್ಡ ಬಂದಿತ್ತು."

"ಗಡ್ಡ ಬೆಳ್ಳಗಾಗಿತ್ತಾ?"

"ಪೂರಾ."

ಅಪ್ಪ ಒಳಗೆ ಬಂದಿರಲಿಲ್ಲ. ವೈರು ಕೂಡುವ ಜಾಗಕ್ಕೆ ಮಳೆ ಬೀಳದಂತೆ ಕೊಡೆ ಹಿಡಿದು ಅಂಗಳದಲ್ಲಿ ನಿಂತಿದ್ದ. ಅಲ್ಲಿಗೆ ಒಂದು ಬಕೆಟ್ ಕವುಚಿದರೆ ಸಾಕಾಗುತ್ತಿತ್ತು. ಹೇಳಿದೆ. ಅವನು ಅಲ್ಲಾಡಲಿಲ್ಲ. ಬೆನ್ನೆಲ್ಲ ನೆನೆದಿತ್ತು.

ಅವ್ವ ಎದ್ದು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಅವನ ಹತ್ತಿರ ಹೋದಳು. ಬೈಯುತ್ತಾಳೇನೋ ಎಂದು ನಾನು ಬಾಗಿಲಲ್ಲೇ ನಿಂತೆ. ಅವಳು ಸೆರಗಿನಿಂದ ಅವನ ತಲೆ ಒರೆಸಿದಳು.

"ಮಲಗ್ದಂಗೇ ಇದ್ನಂತೆ ಕಣ್ರೀ," ಎಂದಳು. "ಗಡ್ಡ ಪೂರಾ ಬೆಳ್ಳಗಾಗಿತ್ತಂತೆ."