ಆಯಿಲ್ ಅಂದ್ರ ಎಣ್ಣಿ ಅಲ್ಲ

ಹನ್ನೊಂದು ಸಾವಿರ ರೂಪಾಯಿ, ಮೇಲೆ ನಾಲ್ಕು ಜನರೆದುರು ಮರ್ಯಾದೆ. ಒಂದು ಶೀಸೆ ಬ್ರೇಕ್ ಆಯಿಲಿನ ದುಡ್ಡು ಉಳಿಸಲು ಹೋಗಿ ನಾನು ತೆತ್ತದ್ದು ಇಷ್ಟು. ವಸೂಲು ಮಾಡಿದವನು ಉದಗೀರದ ವೈಜನಾಥ ಮಿಸ್ತ್ರಿ. ಚೌಕಾಸಿಗೆ ಬಾಯಿ ತೆರೆದವನಿಗೆ ಬೆನ್ನು ತಿರುಗಿಸಿ ಬೀಡಿ ಹೊತ್ತಿಸುತ್ತಿದ್ದ ಮನುಷ್ಯ. ನಾನೋ, ತೊಗರಿಯ ದಲಾಲಿಯಲ್ಲಿ ಮನೆ ಕಟ್ಟಿದವನು. ಚೌಕಾಸಿಯಿಲ್ಲದೆ ಜ್ವರದ ಗುಳಿಗೆಯನ್ನೂ ಕೊಂಡವನಲ್ಲ. ನಮ್ಮಿಬ್ಬರಿಗೆ ಆಗಿಬರಲೇ ಇಲ್ಲ.

ನನ್ನ ಬಳಿ ಐವತ್ತು ವರ್ಷದ ಹಳೆಯ ಕಾರೊಂದಿತ್ತು. ಮಗಳನ್ನು ನಿಲಂಗಾದ ಗಂಡನ ಮನೆಗೆ ಅದರಲ್ಲೇ ಕಳಿಸಬೇಕೆಂಬುದು ನನ್ನ ಹಟ. ಮದುವೆಗೆ ಎಂಟು ದಿನ ಉಳಿದಾಗ ಬ್ರೇಕ್ ಆಟ ಹೂಡಿತು. ಒಂದು ತಾಸು ಓಡಿಸಿದರೆ ಪೆಡಲ್ ನೆಲಕ್ಕೆ ಕೂರುವುದು. ಬೇವಿನ ನೆರಳಲ್ಲಿ ನಿಲ್ಲಿಸಿ ಆರಲು ಬಿಟ್ಟರೆ ಮತ್ತೆ ಗಟ್ಟಿ. ದೇವಣಿ ರಸ್ತೆಯಲ್ಲಿ ಅಡ್ಡ ಬಂದ ಹೋರಿಯನ್ನು ತಪ್ಪಿಸಿ ಕಬ್ಬಿನ ಹೊಲಕ್ಕೇ ನುಗ್ಗಿಸಿದ್ದೆ.

ಮಗಳ ಮದುವೆಯ ಅವಸರ ಹೇಳಿಕೊಂಡು ಗ್ಯಾರೇಜಿಗೆ ಒಯ್ದರೆ ಬ್ರೇಕ್ ಸರಿಯಾಗಿಯೇ ಇತ್ತು.

"ಗಾಡಿ ಸುಳ್ಳ ಹೇಳಂಗಿಲ್ರೀ ಶೇಠ್. ಮಂದಿ ಹೇಳ್ತಾರ," ಎಂದ ಮಿಸ್ತ್ರಿ ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಜಳಕೋಟದ ಕಡೆ ಓಡಿಸಿದ. ಹೋಗಿ ಬರುವಷ್ಟರಲ್ಲಿ ಒಂದು ತಾಸಾಯಿತು. ಗ್ಯಾರೇಜು ಹತ್ತಿರವಾದಾಗ ಪೆಡಲ್ ಕೂತಿತು. ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದ. ಇಳಿದು ಗಾಲಿಗಳಿಗೆ ನೀರು ಎರಚಿದ. ನಾಲ್ಕೂ ಚುರ್ ಎಂದವು.

"ಬ್ರೇಕ್ ಹಿಡಿಯೂದಿಲ್ಲ ಅಂತೀರಿ. ಅದು ಹಿಡಿದದ್ದು ಬಿಡವಲ್ತು. ಹಿಡಿದು ಹಿಡಿದು ಕಾದು, ಒಳಗ ಕುದ್ದು, ಕಡೀಕ ಕೈ ಕೊಡ್ತದ. ನಿಮ್ಮಂಗೇ, ಬಿಡೂದು ಗೊತ್ತಿಲ್ಲ."

ಬಾನೆಟ್ ಎತ್ತಿ, ಒಳಗಿನ ಬ್ರೇಕ್ ಆಯಿಲಿನ ಡಬ್ಬಿಯಿಂದ ಎರಡು ಹನಿ ತೆಗೆದು ಚಹಾ ಗ್ಲಾಸಿನ ನೀರಿಗೆ ಬಿಟ್ಟ. ಮೇಲೆ ಬಣ್ಣಬಣ್ಣದ ಪೊರೆ ತೇಲಿತು.

"ಬ್ರೇಕ್ ಆಯಿಲ್ ನೀರಾಗ ಕರಗ್ತದ. ಇದು ತೇಲ್ತದ. ಎಂಜಿನ್ ಎಣ್ಣಿ ಯಾರು ಹಾಕ್ಯಾರ?"

ಹಾಕಿದವನು ನಾನೇ, ಒಪ್ಪಿಕೊಂಡೆ. ಮನೆಯಲ್ಲಿ ಟ್ರ್ಯಾಕ್ಟರಿನ ಆಯಿಲ್ ಉಳಿದಿತ್ತು. ಆಯಿಲ್ ಎಂದ ಮೇಲೆ ಆಯಿಲ್ ತಾನೆ?

"ಶೇಠ್, ಭಜಿ ಕರೀಲಿಕ್ಕ ಹಾಕೀರೇನು?" ಎಂದು ಬಾಕಿನ ಮೇಲೆ ಕೂತ ಗಿರಾಕಿಯೊಬ್ಬ ನಕ್ಕ. ಮಿಸ್ತ್ರಿ ನಗಲಿಲ್ಲ.

"ಆಯಿಲ್ ಅಂದ್ರ ಎಣ್ಣಿ ಅಲ್ಲ. ಎಣ್ಣಿ ಕುಡಿದ್ರ ಒಳಗಿನ ರಬ್ಬರ್ ಉಬ್ತದ. ಯಾವಾಗ ಹಾಕೀರಿ? ಈಗೀಗ ಅಂದ್ರ ಮ್ಯಾಲಿಂದಷ್ಟೇ ಬಿಚ್ಚತೀನಿ. ಹಳೀದಂದ್ರ ನಾಲ್ಕೂ ಗಾಲೀತನಾ ಎಲ್ಲಾ ರಬ್ಬರ್ ತೆಗೀಬೇಕು."

ಖರ್ಚು ಕಣ್ಣೆದುರು ಬಂತು. "ಹೋದ ವಾರ," ಅಂದೆ.

ಅವನು ಬೀಡಿ ನೆಲಕ್ಕೆ ಒರೆಸಿದ. "ಮಗಳು ಮುಂದ ಕೂಡ್ತಾಳೋ, ಹಿಂದೋ?"

"ಆರು ತಿಂಗಳಾತು," ಅಂದೆ.

ಮೂರು ದಿನದ ಮೇಲೆ, ನೆನೆಸಿದ ಕಡಲೆಯಂತೆ ಉಬ್ಬಿದ ರಬ್ಬರುಗಳನ್ನು ಪೇಪರಿನಲ್ಲಿ ಕಟ್ಟಿ ನನ್ನ ಕೈಗಿಟ್ಟ. "ಮಗಳ ಉಡಿಯಾಗ ಇವನ್ನ ತುಂಬಾವ್ರಿದ್ರಿ. ತಗೋರಿ, ನೀವೇ ಇಟ್ಕೋರಿ." ಹನ್ನೊಂದು ಸಾವಿರದಲ್ಲಿ ಐನೂರು ಬಿಡು ಅಂದೆ. ಬೆನ್ನು ತಿರುಗಿಸಿದ. ಕಾರು ನಿಲಂಗಾಕ್ಕೆ ಹೋಗಿ ನಿಲ್ಲಬೇಕಾದಲ್ಲಿ ನಿಂತಿತು. ಲಗ್ನಪತ್ರಿಕೆ ಕೊಟ್ಟಿದ್ದೆ, ಅವನು ಬರಲಿಲ್ಲ.

ಕೊನೆಗೆ ಕಂಡದ್ದು ಔರಾದ ಶಹಾಜನಿಯ ಸಂತೆಯಲ್ಲಿ. ನನ್ನ ನಮಸ್ಕಾರಕ್ಕೆ ಅವನ ಉತ್ತರ, "ಗಾಡಿ ಹ್ಯಾಂಗದ?" ನಾನು ಹೇಗಿದ್ದೇನೆಂದು ಕೇಳಲಿಲ್ಲ. ಈಗ ಅವನಿಲ್ಲ, ಗ್ಯಾರೇಜಿನ ಜಾಗದಲ್ಲಿ ಮೊಬೈಲ್ ಅಂಗಡಿ. ಇದ್ದಿದ್ದರೂ ನಮಗೆ ಆಗಿಬರುತ್ತಿರಲಿಲ್ಲ. ಆ ಪೇಪರಿನ ಪೊಟ್ಟಣ ಮಾತ್ರ ನನ್ನ ತಿಜೋರಿಯಲ್ಲಿದೆ.

ಹಳೆಯ ಗಾಡಿ ಕೊಳ್ಳುವಿರಾದರೆ ಕೇಳಿ: ಬ್ರೇಕಿನ ಡಬ್ಬಿಯಿಂದ ಎರಡು ಹನಿ ನೀರಿಗೆ ಬಿಟ್ಟು ನೋಡಿ. ತೇಲಿದರೆ ಕೊಳ್ಳಬೇಡಿ, ಕೊಂಡಾಗಿದ್ದರೆ ಓಡಿಸಬೇಡಿ. ಮಿಸ್ತ್ರಿಯ ಹತ್ತಿರ ರೊಕ್ಕದ ಮಾತಿನಲ್ಲಿ ಎಷ್ಟು ಬೇಕಾದರೂ ಜಗ್ಗಿ. ತಾರೀಖಿನಲ್ಲಿ ಮಾತ್ರ ಒಂದು ದಿನವನ್ನೂ ಕಡಿಮೆ ಹೇಳಬೇಡಿ.