ಲುಡ್ವಿಕ್ ಬಡಿದ ಕುಲುಮೆಯ ಬಾಗಿಲು

ಅಮೆರಿಕದ ನಮ್ಮ ಕ್ಲೀವ್‌ಲ್ಯಾಂಡಿನಲ್ಲಿ ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದ ಮೇಲೆ ಕಬ್ಬಿಣ ಬಡಿಯುವ ಕೆಲಸ ಹಾಡುಗಾರರ ಪಾಲಿಗೆ ಬಂತು. ‘ಕೋಲ್ಡ್ ಸ್ಲ್ಯಾಗ್’, ಎಂದರೆ ತಣ್ಣಗಾದ ಕಬ್ಬಿಣದ ಕಿಟ್ಟ, ಎಂಬ ನಮ್ಮ ರಾಕ್ ತಂಡದ ಹಾಡುಗಳಿಗೆಲ್ಲ ತಾತ್ಪರ್ಯ ಒಂದೇ: ಯಂತ್ರ ಮನುಷ್ಯನನ್ನು ನುಂಗಿತು. ಅದನ್ನು ಗಂಟಲು ಹರಿಯುವಂತೆ ಕಿರುಚುತ್ತಿದ್ದವನು ಕರ್ಟಿಸ್. ವಕೀಲರ ಮನೆಯ ಕುಡಿ. ಕಾರ್ಖಾನೆಯನ್ನು ಕಾರಿನ ಕಿಟಕಿಯಿಂದ ಬಲ್ಲವನು. ನಾನು ವ್ಯಾನ್ ಓಡಿಸುವವನಾದ್ದರಿಂದ ಕಲೆಯ ಬಗ್ಗೆ ಬಾಯಿ ಬಿಡುವ ಹಾಗಿರಲಿಲ್ಲ.

ತಂಡದಲ್ಲಿ ಕಬ್ಬಿಣ ಬಡಿಯುತ್ತಿದ್ದವನು ಲುಡ್ವಿಕ್ ಜಕ್ರೈಶೆಕ್. ಅವನಪ್ಪ ಸ್ಟಾಂಕೊ ಉಕ್ಕಿನ ಕಾರ್ಖಾನೆಯಲ್ಲೇ ತಲೆ ನರೆಸಿಕೊಂಡವನು. ಅದನ್ನು ಕೆಡವಿದಾಗ ಲುಡ್ವಿಕ್ ಗುಜರಿಯಿಂದ ಕುಲುಮೆಯ ಬಾಗಿಲನ್ನೇ ತಂದು, ಸರಪಳಿಯಲ್ಲಿ ತೂಗುಹಾಕಿ, ಸುತ್ತಿಗೆಯಿಂದ ಬಡಿದ. ಆ ಢಣ್ ಸದ್ದಿಗೆ ಎದೆ ನಡುಗುತ್ತಿತ್ತು. ಆದರೆ ಸ್ಲೊವೇನಿಯಾದಿಂದ ವಲಸೆ ಬಂದ ಅವರಂಥವರ ಮನೆಯಲ್ಲಿ ಅಕಾರ್ಡಿಯನ್ ನುಡಿಸದ ಮಗ ಇದ್ದೂ ಇಲ್ಲದ ಹಾಗೆ. ಶುಕ್ರವಾರ ಚರ್ಚಿನ ಮೀನೂಟದಲ್ಲಿ ಅಕಾರ್ಡಿಯನ್ನಿನಲ್ಲಿ ಪೋಲ್ಕಾ ಕುಣಿತದ ಹಾಡು ನುಡಿಸುತ್ತಿದ್ದ ಸ್ಟಾಂಕೊ ಎಲ್ಲರೆದುರೇ ಹಂಗಿಸುತ್ತಿದ್ದ: “ನಾವು ಬಡಿದ್ರೆ ರೈಲು ಹಳಿ ಆಗ್ತಿತ್ತು. ನೀನು ಬಡಿದ್ರೆ ಏನಪ್ಪಾ ಆಗುತ್ತೆ?” ಅಪ್ಪ ಒಮ್ಮೆ ಬಂದು ಆ ಸದ್ದು ಕೇಳಲಿ ಎಂಬುದೊಂದೇ ಲುಡ್ವಿಕ್‌ನ ಆಸೆ.

ಅಷ್ಟರಲ್ಲಿ ದೊಡ್ಡ ರೆಕಾರ್ಡ್ ಕಂಪನಿಯೊಂದು ನಮಗೆ ಒಲಿಯಿತು. ಸ್ಟುಡಿಯೋದಲ್ಲಿ ಲುಡ್ವಿಕ್‌ನಿಂದ ಒಂದೇ ಏಟು ಹೊಡೆಸಿ, ಸದ್ದನ್ನು ಕೀಬೋರ್ಡಿನಲ್ಲಿ ಹಿಡಿದಿಟ್ಟುಕೊಂಡರು. ಆಮೇಲೆ ಬೆರಳು ತಾಗಿಸಿದರೆ ಸಾಕು, ಢಣ್. ಯಂತ್ರವನ್ನು ಬೈಯುವ ಹಾಡಿಗೆ ಯಂತ್ರವೇ ತಾಳ ಹಾಕಿತು. ವೇದಿಕೆಯ ಮೇಲೆ ಲುಡ್ವಿಕ್‌ನ ಸದ್ದು ಅಡ್ಡ ಬರದಿರಲೆಂದು ಬಾಗಿಲ ಬೆನ್ನಿಗೆ ದಪ್ಪ ರಬ್ಬರ್ ಮೆತ್ತಿದರು. “ನೀನು ಸುಮ್ನೆ ಬಡೀತಾ ಇರು ಗುರು, ನೋಡೋಕೆ ಚೆನ್ನಾಗಿರುತ್ತೆ” ಎಂದ ಕರ್ಟಿಸ್. ಊರೂರು ತಿರುಗಿ ಲುಡ್ವಿಕ್ ಮೂಗ ಬಾಗಿಲನ್ನು ಬಡಿದ.

ಕೊನೆಗೆ ನಮ್ಮೂರಿನ ಕಾರ್ಯಕ್ರಮಕ್ಕೆ ಸ್ಟಾಂಕೊ ಬಂದೇಬಿಟ್ಟ, ಚರ್ಚಿಗೆ ಹಾಕುವ ಕೋಟು ತೊಟ್ಟು. ಅವನನ್ನು ಕಂಡದ್ದೇ ತಡ, ಲುಡ್ವಿಕ್ ಹಾಡಿನ ನಡುವೆ ಸುತ್ತಿಗೆ ಕೆಳಗಿಟ್ಟು ಕೈಕಟ್ಟಿ ನಿಂತ. ಢಣ್ ಢಣ್ ನಿಲ್ಲಲೇ ಇಲ್ಲ. ಗುಟ್ಟು ರಟ್ಟಾಯಿತಲ್ಲ, ಇನ್ನು ಕಲ್ಲು ಬೀಳುತ್ತದೆ ಎಂದುಕೊಂಡೆ. ಬಿದ್ದದ್ದು ಚಪ್ಪಾಳೆ. ಮರುದಿನದ ಪತ್ರಿಕೆಗೆ ಅದರಲ್ಲಿ ‘ದುಡಿಯುವ ವರ್ಗದ ಮಹಾಮೌನ’ ಕಂಡಿತು. ಇನ್ನು ಮೇಲೆ ಪ್ರತಿ ಊರಿನಲ್ಲೂ ಹೀಗೆಯೇ ನಿಲ್ಲಬೇಕೆಂದು ಕರ್ಟಿಸ್ ಅಪ್ಪಣೆ ಕೊಡಿಸಿದ.

ಆ ಶುಕ್ರವಾರದ ಮೀನೂಟದಲ್ಲಿ ಸ್ಟಾಂಕೊ ಹಂಗಿಸಲಿಲ್ಲ. ಮಗನ ತಟ್ಟೆಗೆ ಇನ್ನೊಂದು ಮೀನು ಹಾಕಿ ಮೆಲ್ಲಗೆ ಹೇಳಿದ: “ನನ್ನನ್ನೂ ಕೊನೇ ವರ್ಷ ಹೀಗೇ ನಿಲ್ಸಿದ್ರು ಕಣೋ, ಮಷೀನ್ ಪಕ್ಕ. ಅದು ನನ್ನ ಕೆಲ್ಸ ಕಲಿಯೋ ತನಕ.”

ಲುಡ್ವಿಕ್ ತಂಡ ಬಿಟ್ಟ. ಕೋಲ್ಡ್ ಸ್ಲ್ಯಾಗ್ ಕೈಕಟ್ಟಿ ನಿಲ್ಲಲು ಬೇರೊಬ್ಬನನ್ನು ಹುಡುಕಿಕೊಂಡು, ಇನ್ನೂ ಕೆಲವು ವರ್ಷ ಯಂತ್ರವನ್ನು ಬೈದುಕೊಂಡೇ ಬದುಕಿತು. ಬಾಗಿಲನ್ನು ನಾನೇ ವ್ಯಾನಿನಲ್ಲಿ ತಂದು ಸ್ಟಾಂಕೊನ ಹಿತ್ತಲಿನಲ್ಲಿ ಇಳಿಸಿದೆ. ಲುಡ್ವಿಕ್ ರಬ್ಬರ್ ಕಿತ್ತೆಸೆದು ಒಂದೇಟು ಹಾಕಿದ. ಬೀದಿಯ ನಾಯಿಗಳೆಲ್ಲ ಬೊಗಳಿದವು. ಪಕ್ಕದ ಮನೆಯಾಕೆ ಕಿಟಕಿ ತೆರೆದು ಪೊಲೀಸರನ್ನು ಕರೆಯುತ್ತೇನೆಂದಳು.

ಸ್ಟಾಂಕೊ ಬಾಗಿಲಿಗೆ ಅಂಗೈ ಒತ್ತಿ, ಅದರ ನಡುಕ ಅಡಗುವವರೆಗೂ ನಿಂತಿದ್ದ.

“ಇನ್ನೊಂದ್ಸಲ ಹೊಡಿ” ಎಂದ.